ಗಾಜಿಗೆ ಅಂಟಿದ ಮರಳು

ಹೆಣವನ್ನು ಮೊದಲು ಕಂಡವನು ಬೀರ.

ಬೇಸಿಗೆಯಲ್ಲಿ ನೆಲ್ಯಹುದಿಕೇರಿಯ ಹತ್ತಿರ ಕಾವೇರಿ ಎರಡು ಸೀಳಾಗಿ ಹರಿಯುತ್ತದೆ. ನಡುವೆ ಮರಳಿನ ತಿಟ್ಟು ಏಳುತ್ತದೆ. ಬೆಳಿಗ್ಗೆ ಗಾಳ ಹಿಡಿದು ಬಂದ ಬೀರ, ತಿಟ್ಟಿನ ಮೇಲೆ ಯಾರೋ ಮಲಗಿದ್ದನ್ನು ನೋಡಿ ಕೂಗಿದ. ಉತ್ತರವಿಲ್ಲ. ಮೊಣಕಾಲುದ್ದದ ನೀರು ದಾಟಿ ಹತ್ತಿರ ಹೋದ. ಮರುಕ್ಷಣವೇ ಗಾಳ ಅಲ್ಲೇ ಬಿಟ್ಟು ಊರಿನ ಕಡೆ ಓಡಿದ.

ಸಬ್ ಇನ್‌ಸ್ಪೆಕ್ಟರ್ ಕುಸುಮಾ ಬರುವಷ್ಟರಲ್ಲಿ ಅರ್ಧ ಊರು ತಿಟ್ಟಿನ ಮೇಲೆ ಓಡಾಡಿಯಾಗಿತ್ತು. ಹೆಜ್ಜೆ ಗುರುತಿನ ಮಾತೇ ಇರಲಿಲ್ಲ.

ಸತ್ತವಳು ಅನುಶ್ರೀ. ಭೂವಿಜ್ಞಾನ ಓದಿದ ಹುಡುಗಿ. ಕುಶಾಲನಗರದ ಹತ್ತಿರದ ರೈತರ ಮಗಳು. ಸಂಶೋಧನೆಗೆಂದು ನೆಲ್ಯಹುದಿಕೇರಿಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದಳು. ಅವಳು ಹುಡುಕುತ್ತಿದ್ದುದು ಸಿಡಿಲುಗಾಜು. ಸಿಡಿಲು ಮರಳಿಗೆ ಬಡಿದರೆ ಮರಳು ಕರಗಿ, ಬೇರಿನ ಹಾಗೆ ಕೊಳವೆಯಾಗಿ ಗಟ್ಟಿಯಾಗುತ್ತದೆ. ಒಳಗೆ ನುಣುಪು ಗಾಜು, ಹೊರಗೆ ಮರಳು ಅಂಟಿದ ಒರಟು ಮೈ. ಗುಡುಗು ಮಳೆ ಬಂದ ಮರುದಿನ ಆಕೆ ಹೊಳೆಯಲ್ಲಿ ಇರುತ್ತಾಳೆಂದು ಊರಿಗೆಲ್ಲ ಗೊತ್ತಿತ್ತು.

ಹಿಂದಿನ ಸಂಜೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ ಬಂದಿತ್ತು. ಗುಡುಗು, ಸಿಡಿಲು ಎರಡೂ ಜೋರಾಗಿದ್ದವು. ಈಗ ಅವಳ ಬಲಗೈ ಪಕ್ಕದಲ್ಲೇ ಮರಳಿನಿಂದ ಒಂದು ಗೇಣು ಕಪ್ಪು ಕೊಳವೆ ಮೇಲೆದ್ದಿತ್ತು.

"ಸಿಡಿಲೇ ಮೇಡಂ," ಎಂದ ಹೆಡ್ ಕಾನ್‌ಸ್ಟೇಬಲ್ ಸಣ್ಣಸ್ವಾಮಿ. "ಗಾಜು ಹುಡುಕ್ತಾ ಇದ್ಲು. ಗಾಜು ಮಾಡೋ ಸಿಡಿಲೇ ಬಡೀತು."

"ಮೊದಲು ಜನರನ್ನ ದಡಕ್ಕೆ ಕಳಿಸಿ."

ಜನ ಸರಿದ ಮೇಲೆ ಕುಸುಮಾ ಮಂಡಿಯೂರಿ ಕುಳಿತಳು. ತಲೆಯ ಹಿಂಬದಿಯಲ್ಲಿ ಒಡೆದ ಗಾಯ. ತಿಟ್ಟಿನ ಮೇಲೆ ಕಣ್ಣು ಹಾಯಿಸಿದಳು. ಎಲ್ಲಿ ನೋಡಿದರೂ ಮರಳು. ಒಂದೇ ಒಂದು ಕಲ್ಲಿಲ್ಲ.

ಅನುಶ್ರೀಯ ಬೂಟಿನ ದಾರ ಬಿಚ್ಚಿದಳು. ಒಳಗೆ ಬೆರಳು ಹಾಕಿದಳು. ಕಾಲುಚೀಲ ಒಣಗಿತ್ತು.

"ನಿಮ್ಮ ಬೂಟು ತೋರಿಸಿ," ಎಂದಳು.

ಸಣ್ಣಸ್ವಾಮಿ ಕಾಲೆತ್ತಿದ. ನೀರು ಸುರಿಯಿತು.

ಹೆಣ ಎತ್ತಿದ ಮೇಲೆ ಕುಸುಮಾ ಕೆಳಗಿನ ಮರಳನ್ನು ಬಹಳ ಹೊತ್ತು ನೋಡಿದಳು. ಜನ ತುಳಿಯದ ಜಾಗ ಅದೊಂದೇ. ಅದರ ತುಂಬ ಮಳೆಹನಿ ಬಿದ್ದ ಸಣ್ಣ ಸಣ್ಣ ಕುಳಿಗಳು.

ಕೊನೆಗೆ ಗಾಜಿನ ಸುತ್ತ ಕೈಯಿಂದಲೇ ಬಗೆದಳು. ಮೊಳದುದ್ದದ ಕೊಳವೆ. ತುದಿಯಲ್ಲಿ ಎರಡಾಗಿ ಕವಲೊಡೆದಿತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಕವಲನ್ನು ನೋಡಿದವರು ಅವಳು, ಸಣ್ಣಸ್ವಾಮಿ ಇಬ್ಬರೇ.

* * *

ಆಸ್ಪತ್ರೆಯ ಜಗಲಿಯಲ್ಲಿ ಅನುಶ್ರೀಯ ತಾಯಿ ವಿಮಲಮ್ಮ ಕುಳಿತಿದ್ದರು. ಅಳುತ್ತಿರಲಿಲ್ಲ. ಹೆಣ ತಗೊಂಡು ಹೋಗಿ ಎಂದು ನೆಂಟರು ಒತ್ತಾಯಿಸುತ್ತಿದ್ದರು. ಆಕೆ ಜಗ್ಗುತ್ತಿರಲಿಲ್ಲ.

"ದೈವದ ಹೊಳೆ. ಒಂಟಿ ಹೆಣ್ಣು ಅಲ್ಲಿ ಅಗೀಬಾರ್ದಿತ್ತು," ಎಂದಳು ಒಬ್ಬಳು.

ವಿಮಲಮ್ಮ ತಿರುಗಿದರು. "ನನ್ ಮಗಳು ಕದಿಯಾಕೆ ಹೋಗಿದ್ಲಾ? ಕಲಿಯಾಕೆ ಹೋಗಿದ್ಲು. ದೈವಕ್ಕೆ ಅದ್ರ ಮೇಲೆ ಸಿಟ್ಟು ಅಂತ ನಿಂಗ್ ಬಂದು ಹೇಳ್ತಾ?"

ಆ ಹೆಂಗಸು ಜಾಗ ಖಾಲಿ ಮಾಡಿದಳು.

ಕುಸುಮಾ ಪಕ್ಕದಲ್ಲಿ ಕುಳಿತಳು. "ಅಮ್ಮ, ಏನೋ ಹೇಳಬೇಕು ಅಂತಿದ್ರಂತೆ."

"ಒಂದೇ ಮಾತು ಕಣವ್ವ. ಸಿಡಿಲು ಅಂದ್ರೆ ಏನು ಅಂತ ಅವಳಿಗೆ ಗೊತ್ತಿದ್ದಷ್ಟು ಇಲ್ಲಿ ಯಾರಿಗೂ ಗೊತ್ತಿಲ್ಲ. ಮೋಡ ಕಟ್ಟಿದ್ರೆ ನನ್ನನ್ನೂ ಅಂಗಳಕ್ಕೆ ಬಿಡ್ತಿರ್ಲಿಲ್ಲ. ಅಂಥೋಳು ಮಳೇಲಿ ಹೋಗಿ ಮರಳಲ್ಲಿ ನಿಲ್ತಾಳಾ? ನಿಂತಿರ್ಲಿಲ್ಲ. ಸಿಡಿಲು ಅಂತ ಬರೆದ್ರೆ ನಾನು ರುಜು ಹಾಕಲ್ಲ."

"ಯಾರ ಜೊತೆಗಾದ್ರೂ ಜಗಳ ಇತ್ತಾ?"

"ಫೋನಲ್ಲಿ ಹೇಳಿದ್ಲು. ಭಾನುವಾರ ದೊಡ್ಡ ಜಗಳ ಆಗತ್ತಮ್ಮ, ಆದ್ರೂ ಬಿಡಲ್ಲ ಅಂತ. ಯಾರ ಜೊತೆ ಅಂತ ಹೇಳಲಿಲ್ಲ. ಆ ಮರಳಿನ ಮಲ್ಲಪ್ಪನೇ ಇರ್ಬೇಕು." ಆಕೆ ತನ್ನ ಕೊರಳು ಮುಟ್ಟಿ ತೋರಿಸಿದರು. "ಅವಳ ಕೊರಳಲ್ಲಿ ಒಂದು ಪುಟ್ಟ ಭೂತಗನ್ನಡಿ ಇರ್ತಿತ್ತು. ನೀವು ಕೊಟ್ಟ ಸಾಮಾನಲ್ಲಿ ಇಲ್ಲ."

ಅಷ್ಟರಲ್ಲಿ ಜೀಪೊಂದು ಬಂದು ನಿಂತಿತು. ಇಳಿದವನು ಪಾಲಿಬೆಟ್ಟದ ಕಿರಣ್‌ಕುಮಾರ್. ಎಸ್ಟೇಟಿನೊಳಗೆ ಹೋಂಸ್ಟೇ ನಡೆಸುವವನು. ಸಿಡಿಲುಗಾಜಿಗೆಂದೇ ಅಲ್ಲಿ ಒಂದು ಕೋಣೆ ಕಟ್ಟಿಸಿದ್ದ. ಆಳೆತ್ತರದ ಗಾಜು ತನ್ನಲ್ಲಿದೆ ಎಂದು ಟೀವಿಯಲ್ಲೂ ಬಂದಿದ್ದ. ಅನುಶ್ರೀ ಅವನ ಗಾಜುಗಳನ್ನು ಪರೀಕ್ಷಿಸಿ ವಿಂಗಡಿಸಿಕೊಡುತ್ತಿದ್ದಳು.

ಅವನು ವಿಮಲಮ್ಮನ ಕಾಲು ಮುಟ್ಟಿ ನಮಸ್ಕರಿಸಿದ. ಕಣ್ಣು ಕೆಂಪಾಗಿತ್ತು.

"ನನ್ನ ತಂಗಿ ಇದ್ದ ಹಾಗಿದ್ಲು ಮೇಡಂ," ಎಂದ ಕುಸುಮಾಗೆ. "ನಿನ್ನೆ ಬರ್ತೀನಿ ಅಂದಿದ್ಲು, ಬರಲೇ ಇಲ್ಲ. ಹೊಳೆಗೆ ಹೋಗಿದ್ದಾಳೆ ನೋಡಿ. ಆದ್ರೆ ಕೊನೆಗೂ ಎಂಥ ಪೀಸ್ ಸಿಕ್ತು! ಕೆಳಗೆ ಹಾಗೆ ಎರಡು ಕವಲು ಒಡೆಯೋದು ಬಹಳ ರೇರ್. ಭಾನುವಾರ ಮ್ಯೂಸಿಯಂ ಉದ್ಘಾಟನೆ. ಅದನ್ನ ಅವಳ ಹೆಸರಲ್ಲೇ ಇಡ್ತೀನಿ, ಕೇಸು ಮುಗಿದ ಮೇಲೆ ಕೊಡಿ."

"ನೋಡೋಣ," ಎಂದಳು ಕುಸುಮಾ.

ಶವಪರೀಕ್ಷೆ ಮಾಡಿದ ವೈದ್ಯರು ಹೊರಗೆ ಬಂದರು. "ಸುಟ್ಟ ಗುರುತಿಲ್ಲ. ಸಿಡಿಲಲ್ಲಿ ಕೆಲವೊಮ್ಮೆ ಇರೋದೂ ಇಲ್ಲ. ಆದರೆ ಜೀವ ಹೋಗಿರೋದು ತಲೆಯ ಪೆಟ್ಟಿನಿಂದ. ಗಟ್ಟಿ ವಸ್ತು ತಗುಲಿದೆ."

"ಮರಳು ಗಟ್ಟಿ ವಸ್ತುವಾ ಡಾಕ್ಟ್ರೇ?"

ಅವರು ತಲೆಯಾಡಿಸಿದರು. "ಅಲ್ಲ."

* * *

ಮಲ್ಲಪ್ಪ ಅಮ್ಮತ್ತಿಯ ರಸ್ತೆ ಬದಿಯಲ್ಲಿ ಇಟ್ಟಿಗೆ, ಜಲ್ಲಿ, ಮರಳು ಮಾರುತ್ತಿದ್ದ. ಹೊಳೆಯ ತಿಟ್ಟು ಬಗೆಯಲು ಬಂದ ಅವನ ಲಾರಿಗೆ ಅನುಶ್ರೀ ಒಬ್ಬಳೇ ಅಡ್ಡ ನಿಂತಿದ್ದಳು. ಅಂಗಡಿ ಮುಂದೆ ಹತ್ತಾರು ಜನರ ಎದುರು ಅವನು ಶಾಪ ಹಾಕಿದ್ದ.

"ತಲೆ ಮೇಲೆ ಸಿಡಿಲು ಬೀಳಲಿ ಅಂದ್ರಂತೆ?"

"ಅಂದೆ ಮೇಡಂ. ಬಾಯಲ್ಲಿ ಅಂದಿದ್ದಕ್ಕೆಲ್ಲ ಸಿಡಿಲು ಬೀಳೋದಾದ್ರೆ ಈ ಊರಲ್ಲಿ ಯಾರೂ ಉಳೀತಿರ್ಲಿಲ್ಲ."

ಕುಸುಮಾ ಮರಳಿನ ಗುಡ್ಡೆಯಿಂದ ಒಂದು ಹಿಡಿ ತೆಗೆದುಕೊಂಡಳು. ಬೂದು ಬಣ್ಣ. ಬೆರಳ ನಡುವೆ ಉಜ್ಜಿದಳು. ಚುಚ್ಚಿತು.

"ಇದು ಹೊಳೆ ಮರಳಲ್ಲ."

"ಎಲ್ಲಿದೆ ಮೇಡಂ ಹೊಳೆ ಮರಳು? ನೀವೇ ಬಂದ್ ಮಾಡಿದ್ರಲ್ಲ. ಇದು ಎಂ-ಸ್ಯಾಂಡ್. ಬಂಡೆ ಪುಡಿ ಮಾಡಿದ್ದು."

ಅವಳು ಜೀಪಿಗೆ ಹೋದಳು. ಚೀಲದಿಂದ ಆ ಗಾಜನ್ನು ತೆಗೆದಳು. ಅದರ ಹೊರಮೈಯಲ್ಲಿ ಕರಗಿ ಅಂಟಿದ ಕಾಳುಗಳನ್ನು ಬಿಸಿಲಿಗೆ ಹಿಡಿದು ನೋಡಿದಳು. ಬೂದು ಬಣ್ಣ. ಮೂಲೆ ಮೂಲೆ ಚೂಪು. ಹಿಂದಿನ ದಿನ ತಿಟ್ಟಿನಿಂದ ತಂದ ಮರಳನ್ನು ಅಂಗೈಗೆ ಸುರಿದುಕೊಂಡಳು. ಕಂದು ಬಣ್ಣ. ನೀರು ಉರುಳಿಸಿ ಉರುಳಿಸಿ ನುಣ್ಣಗೆ ಮಾಡಿದ ಕಾಳುಗಳು.

ಸಣ್ಣಸ್ವಾಮಿಯ ದನಿ ತಗ್ಗಿತು. "ಈ ಗಾಜು ಹೊಳೇಲಿ ಹುಟ್ಟಿದ್ದಲ್ಲ."

"ಯಾರೋ ತಂದು ನೆಟ್ಟಿದ್ದು."

"ಹಾಗಾದ್ರೆ ಮಲ್ಲಪ್ಪನೇ! ಅವನ ಅಂಗಳದಲ್ಲೇ ಇದೆಯಲ್ಲ ಮೇಡಂ ಈ ಮರಳು."

ಕುಸುಮಾ ಮಲ್ಲಪ್ಪನ ಹತ್ತಿರ ಹಿಂದಿರುಗಿದಳು. "ಮೊನ್ನೆ ಸಂಜೆ ಎಲ್ಲಿದ್ರಿ?"

"ಮಡಿಕೇರಿ ಆಸ್ಪತ್ರೇಲಿ. ಸೊಸೆಗೆ ಹೆರಿಗೆ. ರಾತ್ರಿಯೆಲ್ಲ ಅಲ್ಲೇ."

ಆಸ್ಪತ್ರೆಯ ಕ್ಯಾಮೆರಾ ನೋಡಲು ಸಣ್ಣಸ್ವಾಮಿಯೇ ಹೋದ. ಮಲ್ಲಪ್ಪ ಹೆರಿಗೆ ಕೋಣೆಯ ಮುಂದೆ ಬೆಳಗಾಗುವವರೆಗೂ ಅತ್ತಿಂದಿತ್ತ ನಡೆಯುತ್ತಿದ್ದ. ಜಾಗ ಬಿಟ್ಟು ಕದಲಿರಲಿಲ್ಲ.

ಕುಸುಮಾ ಮತ್ತೆ ಅವನಿಗೆ ಫೋನ್ ಮಾಡಿದಳು. "ಈಚೆಗೆ ಎಂ-ಸ್ಯಾಂಡ್ ಯಾರ್‍ಯಾರಿಗೆ ಹಾಕಿದ್ರಿ?"

"ಮನೆ ಕಟ್ಟೋರಿಗೆಲ್ಲ. ಪಾಲಿಬೆಟ್ಟದ ಹೋಂಸ್ಟೇಗೂ. ಕಟ್ಟಡ ಮುಗಿದ ಮೇಲೂ ಇನ್ನೊಂದು ಲೋಡು ತರಿಸ್ಕೊಂಡ್ರು. ಎಂಥಕ್ಕೋ ಗೊತ್ತಿಲ್ಲ."

ಅವಳು ಫೋನ್ ಕೆಳಗಿಟ್ಟಳು. ಆಸ್ಪತ್ರೆಯ ಜಗಲಿಯಲ್ಲಿ ಕೇಳಿದ ಒಂದು ಮಾತು ಈಗ ನೆನಪಾಯಿತು.

ಫೋನ್ ಮತ್ತೆ ಬಡಿದುಕೊಂಡಿತು. ಈ ಸಲ ಮೇಲಧಿಕಾರಿ.

"ಏನಮ್ಮ, ಆ ಸಿಡಿಲಿನ ಕೇಸು ಇನ್ನೂ ಎಳೀತಿದ್ದೀರಂತೆ? ಮುಗಿಸಿ."

"ಸಿಡಿಲು ಅಲ್ಲ ಸರ್. ಕೊಲೆ."

"ಕಿರಣ್‌ಕುಮಾರ್ ಫಂಕ್ಷನ್‌ಗೆ ದೊಡ್ಡವರೆಲ್ಲ ಬರ್ತಿದ್ದಾರೆ. ಅಲ್ಲಿಗೆ ಹೋಗಿ ಗಲಾಟೆ ಮಾಡ್ಬೇಡಿ."

"ಹೋಗ್ತೀನಿ ಸರ್."

"ನಾನು ಬೇಡ ಅಂದೆ."

"ಕೇಳಿಸ್ತು ಸರ್. ಬೇಡ ಅನ್ನೋದನ್ನ ಬರವಣಿಗೆಯಲ್ಲಿ ಕಳಿಸಿ. ಅಲ್ಲಿವರೆಗೆ ತನಿಖೆ ನನ್ನದು."

ಆ ಕಡೆ ಲೈನ್ ಕಟ್ಟಾಯಿತು. ಬರವಣಿಗೆ ಬರಲಿಲ್ಲ.

* * *

ಭಾನುವಾರ ಹೋಂಸ್ಟೇ ಅಂಗಳದಲ್ಲಿ ಕಾರುಗಳ ಸಾಲು. ಹೊಸ ಕೋಣೆಯ ನಡುವೆ ಗಾಜಿನ ಪೆಟ್ಟಿಗೆ. ಅದರೊಳಗೆ ದೀಪದ ಬೆಳಕಿನಲ್ಲಿ ಆಳೆತ್ತರದ ಸಿಡಿಲುಗಾಜು. ಪಕ್ಕದಲ್ಲಿ ಹಾರ ಹಾಕಿದ ಅನುಶ್ರೀಯ ಫೋಟೋ. ಕಿರಣ್‌ಕುಮಾರ್ ಮೈಕ್ ಹಿಡಿದು ಮಾತಾಡುತ್ತಿದ್ದ.

ಕುಸುಮಾ ಒಳಗೆ ಬಂದಳು. ಜೊತೆಗೆ ವಿಮಲಮ್ಮ. ಆಕೆ ನೇರ ಹೋಗಿ ಮಗಳ ಫೋಟೋವನ್ನು ಆ ಜಾಗದಿಂದ ಎತ್ತಿ ಎದೆಗೆ ಅವಚಿಕೊಂಡರು.

ಮಾತು ನಿಂತಿತು.

"ಕಿರಣ್‌ಕುಮಾರ್, ಅನುಶ್ರೀ ಹತ್ತಿರ ಸಿಕ್ಕ ಗಾಜು ಹೇಗಿತ್ತು?" ಎಂದಳು ಕುಸುಮಾ.

"ಈಗ್ಯಾಕೆ ಮೇಡಂ ಅದು? ಆಸ್ಪತ್ರೇಲೇ ಹೇಳಿದ್ನಲ್ಲ. ಎರಡು ಕವಲಿನದು. ಊರೆಲ್ಲ ನೋಡಿದೆ."

"ಊರು ನೋಡಿದ್ದು ಒಂದು ಗೇಣು ಕೊಳವೆ. ಕವಲು ಮರಳಿನ ಕೆಳಗಿತ್ತು. ಜನರನ್ನ ಕಳಿಸಿದ ಮೇಲೆ ನಾನೇ ಬಗೆದು ತೆಗೆದೆ. ಅದನ್ನ ನೋಡಿದ್ದು ನಾನು, ಸಣ್ಣಸ್ವಾಮಿ. ನಾವು ಯಾರಿಗೂ ಬಾಯಿ ಬಿಟ್ಟಿಲ್ಲ. ಕವಲಿದೆ ಅಂತ ಗೊತ್ತಿರೋ ಮೂರನೆಯವನು ಅದನ್ನ ಅಲ್ಲಿ ಹೂತವನು ಮಾತ್ರ."

ಕಿರಣ್‌ಕುಮಾರ್ ನಕ್ಕ. ನಗು ತುಟಿಯಿಂದ ಮೇಲೆ ಹೋಗಲಿಲ್ಲ. "ಅಂದಾಜಲ್ಲಿ ಹೇಳಿದೆ. ಸಿಡಿಲುಗಾಜು ಅಂದ್ರೆ ಕವಲು ಇದ್ದೇ ಇರತ್ತೆ."

"ಬಹಳ ರೇರ್ ಅಂದವರೂ ನೀವೇ. ಇರಲಿ. ಅನುಶ್ರೀ ತಿಟ್ಟಿಗೆ ನಡೆದು ಹೋಗಿಲ್ಲ. ನಡೆದಿದ್ರೆ ನೀರು ದಾಟಬೇಕಿತ್ತು, ಕಾಲುಚೀಲ ಒದ್ದೆಯಾಗಬೇಕಿತ್ತು. ಮಳೆ ಬರೋವಾಗ ಅಲ್ಲಿ ಇರಲೂ ಇಲ್ಲ. ಇದ್ದಿದ್ರೆ ಅವಳ ಮೈ ಕೆಳಗಿನ ಮರಳಿಗೆ ಮಳೆಹನಿ ಬೀಳ್ತಿರ್ಲಿಲ್ಲ. ಅಲ್ಲಿ ತುಂಬ ಹನಿಗಳ ಗುರುತಿತ್ತು. ಅಂದ್ರೆ ಮಳೆ, ಸಿಡಿಲು ಎಲ್ಲ ನಿಂತ ಮೇಲೆ ಯಾರೋ ಹೊತ್ತುಕೊಂಡು ಹೋಗಿ ಮಲಗಿಸಿದ್ದಾರೆ. ತಲೆ ಒಡೆಯೋಕೆ ಅಲ್ಲಿ ಕಲ್ಲೂ ಇಲ್ಲ."

ಅತಿಥಿಗಳು ಒಬ್ಬೊಬ್ಬರಾಗಿ ಅವನಿಂದ ದೂರ ಸರಿದರು.

"ಗಾಜಿನ ಮೈ ಮೇಲೆ ಅದು ಹುಟ್ಟಿದ ಮರಳು ಅಂಟಿರತ್ತೆ," ಕುಸುಮಾ ಮುಂದುವರಿಸಿದಳು. "ಆ ಗಾಜಿನ ಮೇಲಿರೋದು ಹೊಳೆ ಮರಳಲ್ಲ, ಎಂ-ಸ್ಯಾಂಡ್. ಇಲ್ಲಿ ಈ ದೊಡ್ಡ ಗಾಜಿನ ಮೇಲಿರೋದೂ ಅದೇ. ಹತ್ತಿರ ಹೋಗಿ ಯಾರು ಬೇಕಾದರೂ ನೋಡಬಹುದು. ಎಂ-ಸ್ಯಾಂಡಿನ ಗುಡ್ಡೆಗೆ ಬಿದ್ದ ಸಿಡಿಲಾ ಇದು, ಕಿರಣ್‌ಕುಮಾರ್?"

ಬಾಗಿಲಲ್ಲಿ ಸಣ್ಣಸ್ವಾಮಿ ಕಾಣಿಸಿಕೊಂಡ. ಉಸಿರು ಏರಿತ್ತು. "ಹಿಂದಿನ ಶೆಡ್ಡಲ್ಲಿ ವೆಲ್ಡಿಂಗ್ ಮೆಷಿನ್ ಇದೆ ಮೇಡಂ. ಡ್ರಮ್ಮಿನ ತುಂಬ ಬೂದು ಮರಳು, ಒಳಗೆ ಅರ್ಧ ಆದ ಗಾಜು. ಇವರ ಜೀಪಿನ ಮ್ಯಾಟ್ ಕೆಳಗೆ ರಕ್ತದ ಕಲೆ. ಸೀಟಿನ ಸಂದೀಲಿ ಇದು ಸಿಕ್ತು."

ಅವನ ಕೈಯ ಪ್ಲಾಸ್ಟಿಕ್ ಚೀಲದಲ್ಲಿ ಪುಟ್ಟ ಭೂತಗನ್ನಡಿ. ಕಿತ್ತುಹೋದ ಹಸಿರು ದಾರ.

"ಅವಳದ್ದೇ," ಎಂದರು ವಿಮಲಮ್ಮ. "ದಾರ ನಾನು ಹೆಣೆದುಕೊಟ್ಟಿದ್ದು."

"ಅವತ್ತು ಅವಳು ಬರಲೇ ಇಲ್ಲ ಅಂದಿದ್ರಿ," ಎಂದಳು ಕುಸುಮಾ. "ಬಂದಿದ್ಲು. ಈ ಗಾಜಿನ ಮೇಲೆ ಮೊದಲೇ ಅನುಮಾನ ಇತ್ತು, ಕನ್ನಡಿ ಹಿಡಿದು ಮತ್ತೆ ನೋಡಿದ್ಲು. ನಾನು ಕಂಡದ್ದನ್ನೇ ಕಂಡ್ಲು. ನಿಮ್ಮ ಎದುರೇ ಹೇಳಿದ್ಲು."

ಕಿರಣ್‌ಕುಮಾರ್ ಗಾಜಿನ ಪೆಟ್ಟಿಗೆಗೆ ಒರಗಿ ಕುಸಿದು ಕುಳಿತ. ಮೈಕ್ ನೆಲಕ್ಕೆ ಬಿದ್ದು ಕಿರ್ರೆಂದಿತು.

"ಆರು ವರ್ಷ ಹುಡುಕಿದೆ," ಎಂದ. "ಪ್ರತಿ ಮಳೆ ಆದ ಮೇಲೂ ಹೊಳೆ, ಗದ್ದೆ, ಗುಡ್ಡ ಅಲೆದೆ. ಸಿಕ್ಕಿದ್ದು ಬೆರಳುದ್ದದ ಚೂರುಗಳು. ಅದನ್ನ ನೋಡೋಕೆ ಯಾರು ಬರ್ತಾರೆ? ಮರಳಿಗೆ ಕರೆಂಟ್ ಹಾಯಿಸಿ ನಾನೇ ಮಾಡಿದೆ. ಚೆನ್ನಾಗೇ ಮಾಡಿದೆ. ಎಲ್ಲರೂ ನಂಬಿದ್ರು. ಅವಳೊಬ್ಬಳು ನಂಬಲಿಲ್ಲ. ಹೇಳ್ಬೇಡ ಅಂತ ಕೈ ಮುಗಿದೆ ಮೇಡಂ. ಕೇಳ್ಲಿಲ್ಲ. ಹೊರಟು ನಿಂತಳು. ಕೈಗೆ ಸಿಕ್ಕ ರಾಡಲ್ಲಿ..."

ಸಣ್ಣಸ್ವಾಮಿ ಅವನ ರಟ್ಟೆ ಹಿಡಿದು ಎಬ್ಬಿಸಿದ.

"ಒಂದ್ ನಿಮಿಷ," ಎಂದರು ವಿಮಲಮ್ಮ. ಅವನ ಎದುರು ಬಂದು ನಿಂತರು. "ಕೈ ಮುಗಿದೆ ಅಂದೆಯಲ್ಲ. ಅದಕ್ಕೆ ನನ್ ಮಗಳು ಏನಂದ್ಲು?"

ಅವನು ತಲೆ ಎತ್ತಲಿಲ್ಲ.

"ಹೇಳಪ್ಪ. ಅವಳ ಕೊನೇ ಮಾತು ಕೇಳಿಸ್ಕೊಂಡೋನು ನೀನೊಬ್ಬನೇ. ಅದು ನಂಗೆ ಬೇಕು."

"ಭಾನುವಾರ ಎಲ್ಲರ ಮುಂದೆ ನಿಂತು ಹೇಳ್ತೀನಿ ಅಂದ್ಲು," ಎಂದ ಅವನು, ಕೇಳಿಸಿಯೂ ಕೇಳಿಸದ ಹಾಗೆ.

ವಿಮಲಮ್ಮ ಬಗ್ಗಿ ನೆಲದ ಮೇಲಿದ್ದ ಮೈಕ್ ಎತ್ತಿಕೊಂಡರು. ಇನ್ನೊಂದು ಕೈಯಲ್ಲಿ ಫೋಟೋ ಇತ್ತು. ಕೋಣೆ ತುಂಬ ದೊಡ್ಡ ದೊಡ್ಡ ಜನ. ಯಾರ ಮುಖಕ್ಕೂ ಆಕೆ ಹೆದರಲಿಲ್ಲ.

"ನನ್ ಮಗಳ ಹೆಸರು ಅನುಶ್ರೀ," ಎಂದರು. "ಇವತ್ತು ಇಲ್ಲಿ ಅವಳು ಮಾತಾಡ್ಬೇಕಿತ್ತು. ಅವಳ ಬದ್ಲು ನಾನ್ ಹೇಳ್ತೀನಿ, ಕೇಳಿಸ್ಕೊಂಡು ಹೋಗಿ. ಇದು ಸಿಡಿಲಿನ ಗಾಜಲ್ಲ. ಸುಳ್ಳು."