ರಿಹರ್ಸಲ್‌ನಲ್ಲಿ ಕೊಟ್ಟ ಮಾತು

"ಬಾಗಿಲಲ್ಲೇ ಯಾಕೆ ನಿಂತಿದೀರಿ? ಬನ್ನಿ, ಕೂತ್ಕೊಳ್ಳಿ. ಇಲ್ಲಿ ಯಾರೂ ಯಾರನ್ನೂ ತಿನ್ನಲ್ಲ."

ಬಾಗಿಲಲ್ಲಿದ್ದ ಯುವಕ ಏನೋ ಹೇಳಲು ಬಾಯಿ ತೆರೆದ. ತರಬೇತಿ ನಡೆಸುತ್ತಿದ್ದ ಅವಳು ಅವಕಾಶ ಕೊಡಲಿಲ್ಲ. ಅರ್ಧವೃತ್ತವಾಗಿ ಹಾಕಿದ್ದ ಕುರ್ಚಿಗಳಲ್ಲಿ ಖಾಲಿ ಇದ್ದ ಒಂದನ್ನು ತೋರಿಸಿದಳು. ಆಗಷ್ಟೇ ಮತದ ಹಕ್ಕು ಪಡೆದಿದ್ದ ಹುಡುಗ ಹುಡುಗಿಯರು ಕಾಲು ಮಡಿಸಿ ಅವನಿಗೆ ದಾರಿ ಬಿಟ್ಟರು.

"ಹೊಸಬರಿಗೆ ಒಂದೇ ಕೆಲಸ. ನಾನು ನಿಮ್ಮ ವಾರ್ಡಿನ ಸದಸ್ಯೆ ಅಂದ್ಕೊಳ್ಳಿ. ನಿಮ್ಮನ್ನ ಕಾಡ್ತಿರೋ ಒಂದು ವಿಷಯ ಕೇಳಿ. ಹೊಗಳಿಕೆ, ಪೀಠಿಕೆ ಏನೂ ಬೇಡ."

ಅವನು ಗೋಡೆ ನೋಡಿದ, ಫ್ಯಾನ್ ನೋಡಿದ, ಕೊನೆಗೆ ಅವಳನ್ನು ನೋಡಿದ.

"ಇಲ್ಲಿ ಕುಡಿಯೋಕೆ ನೀರು ಸಿಗುತ್ತಾ?"

ಎಲ್ಲರೂ ನಕ್ಕರು. ಅವಳು ಮಾತ್ರ ನಗಲಿಲ್ಲ.

"ಒಳ್ಳೇ ಪ್ರಶ್ನೆ. ಚಿಕ್ಕದು, ನೇರವಾಗಿದೆ. ತಪ್ಪಿಸ್ಕೊಳ್ಳೋಕೆ ಜಾಗಾನೇ ಇಲ್ಲ." ಹಾಗೆಂದವಳೇ ಎದ್ದು ಹೋಗಿ ಲೋಟದಲ್ಲಿ ನೀರು ತಂದುಕೊಟ್ಟಳು.

ಅವನು ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು, ತಪ್ಪು ಮಾಡಿದವನ ಹಾಗೆ ಹೇಳಿದ: "ನಾನು ನಿಜವಾದ ಸದಸ್ಯೆಯ ಆಫೀಸಿಂದ ಬಂದಿದೀನಿ. ಅವರ ಪಿ.ಎ. ನಾನು. ನಿಮ್ಮ ಹುಡುಗರ ಜೊತೆ ಸಂವಾದಕ್ಕೆ ಬರೋಕೆ ಮೇಡಂ ಒಪ್ಪಿದಾರೆ. ಆದ್ರೆ ಪ್ರಶ್ನೆಗಳನ್ನ ಮೊದಲೇ ಕಳಿಸಿದ್ರೆ ಅನುಕೂಲ ಅಂದ್ರು."

"ಮೊದಲೇ ಕಳಿಸಿದ್ರೆ ಅದು ಸಂವಾದ ಅಲ್ಲ, ಶಾಲಾ ವಾರ್ಷಿಕೋತ್ಸವದ ನಾಟಕ."

"ಮೇಡಂಗೆ ಅನಿರೀಕ್ಷಿತ ಅಂದ್ರೆ ಇಷ್ಟ ಆಗಲ್ಲ."

"ನಿಮಗೆ?"

"ಇವತ್ತಿನ ತನಕ ನನಗೂ ಇಷ್ಟ ಇರಲಿಲ್ಲ."

ಅವಳ ಕಿವಿ ಬಿಸಿಯಾಯಿತು. ಎಷ್ಟು ಸರಾಗವಾಗಿ ಬಂತು ಆ ಮಾತು. ಸರಾಗವಾಗಿ ಬಂದದ್ದೇ ಅವಳನ್ನು ಆ ದಿನವೆಲ್ಲ ಚುಚ್ಚುತ್ತಿತ್ತು.

ಸದಸ್ಯೆಯ ಭಾಷಣಗಳನ್ನು ಬರೆಯುವವನು ಅವನೇ ಎಂಬುದು ಅವಳಿಗೆ ಆಮೇಲೆ ತಿಳಿಯಿತು. ಉದ್ಘಾಟನೆಗೆ ಒಂದು ಬಗೆ, ಸಂತಾಪಕ್ಕೆ ಒಂದು ಬಗೆ, ಸಿಟ್ಟಿಗೆದ್ದ ಜನರಿಗೆ ಇನ್ನೊಂದು ಬಗೆ. ಅವಳ ಕೆಲಸ ಅದಕ್ಕೆ ತೀರಾ ವಿರುದ್ಧ. ಯುವಜನ ಕೇಂದ್ರದ ಆ ಹಾಲ್‌ನಲ್ಲಿ ಮಕ್ಕಳಿಗೆ ಅವಳು ಕಲಿಸುತ್ತಿದ್ದುದು ಇಷ್ಟೇ: ಆರಿಸಿ ಕಳಿಸಿದವರ ಎದುರು ಕೈ ಕಟ್ಟಿ ನಿಲ್ಲಬೇಡಿ, ಕೂಗಲೂ ಬೇಡಿ. ಕೇಳಿ. ಕೇಳಿದ ಮೇಲೆ ಸುಮ್ಮನಿರಿ. ಉತ್ತರ ಬರುವವರೆಗೆ ಅವರ ಮುಖ ನೋಡುತ್ತಿರಿ.

ಪ್ರಶ್ನೆಗಳನ್ನು ಅವಳು ಕಳಿಸಲಿಲ್ಲ. ಬದಲಿಗೆ ಅವನೇ ಬರತೊಡಗಿದ. ಸಂವಾದದ ತಯಾರಿಗೆ ಸದಸ್ಯೆಯ ಪಾತ್ರ ಮಾಡಲು ಒಬ್ಬರು ಬೇಕಿತ್ತು. ಅವನಷ್ಟು ಚೆನ್ನಾಗಿ ಅವರನ್ನು ಬಲ್ಲವರು ಬೇರೆ ಯಾರಿದ್ದರು? ಆಫೀಸು ಮುಗಿಸಿ ಬಂದು, ಮೇಜಿನ ಹಿಂದೆ ಕೂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕತ್ತು ಓರೆ ಮಾಡಿದರೆ ಸಾಕ್ಷಾತ್ ಮೇಡಂ.

"ಬಹಳ ಒಳ್ಳೆಯ ಪ್ರಶ್ನೆ," ಎನ್ನುತ್ತಿದ್ದ. "ನಿಮ್ಮ ವಯಸ್ಸಲ್ಲಿ ನಾನು..."

"ಸರ್, ಬಾಲ್ಯಕ್ಕೆ ಓಡಿಹೋಗ್ತಿದೀರಿ," ಎಂದು ಹುಡುಗರು ಹಿಡಿಯುತ್ತಿದ್ದರು.

"ಭೇಷ್. ಇನ್ನೊಂದು ಸಲ."

ಅವರಲ್ಲಿ ಒಬ್ಬ ಹುಡುಗಿಯನ್ನು ಎಲ್ಲರೂ ಲಾಯರಮ್ಮ ಎಂದು ಕರೆಯುತ್ತಿದ್ದರು. ಮಾತಿಗೆ ಮಾತು ಕೊಡದೆ ಬಿಡುವವಳಲ್ಲ. ಹಗಲು ಬಟ್ಟೆ ಅಂಗಡಿಯಲ್ಲಿ ಕೆಲಸ, ಸಂಜೆ ಕಾಲೇಜು, ಕಾಲೇಜಿಲ್ಲದ ಸಂಜೆ ಈ ಅಭ್ಯಾಸ. ಅವಳಿದ್ದ ಬಡಾವಣೆಗೆ ಕಾಲೇಜು ಬಿಡುವ ಹೊತ್ತಿಗೆ ಇದ್ದ ಒಂದೇ ಬಸ್ಸನ್ನು ಜನ ಕಡಿಮೆ ಎಂದು ನಿಲ್ಲಿಸಿಬಿಟ್ಟಿದ್ದರು. ಅಲ್ಲಿಯ ಹುಡುಗಿಯರು ಒಬ್ಬೊಬ್ಬರಾಗಿ ಓದು ಬಿಡುತ್ತಿದ್ದರು. ಲಾಯರಮ್ಮನಿಗೂ ಅಂಗಡಿಯವರು ಸಂಜೆ ಪಾಳಿ ಕೊಡುವುದಾಗಿ ಹೇಳಿದ್ದರು. ಒಪ್ಪಿಕೊಂಡರೆ ಅವಳ ಕಾಲೇಜೂ ಮುಗಿದಂತೆ.

ಅಭ್ಯಾಸ ಮುಗಿದ ಮೇಲೆ ಕುರ್ಚಿಗಳನ್ನು ಒಂದರ ಮೇಲೊಂದು ಇಡಲು ಅವರಿಬ್ಬರೇ ಉಳಿಯುತ್ತಿದ್ದರು. ಅವನು ಬೇಕೆಂದೇ ನಿಧಾನ ಮಾಡುತ್ತಾನೆಂದು ಅವಳಿಗೆ ಗೊತ್ತಿತ್ತು. ತಾನೂ ನಿಧಾನ ಮಾಡುತ್ತಿದ್ದೇನೆಂಬುದು ಅವನಿಗೆ ಗೊತ್ತಾಗದಿರಲಿ ಎಂದು ಗಡಿಬಿಡಿಯ ಸದ್ದು ಮಾಡುತ್ತಿದ್ದಳು.

"ನೀವು ಗದರಿದ್ರೂ ಇನ್ನೂ ಸ್ವಲ್ಪ ಗದರಲಿ ಅನ್ಸುತ್ತೆ," ಎಂದ ಅವನು ಒಂದು ಸಂಜೆ.

ಅವಳು ಕುರ್ಚಿ ಹಿಡಿದೇ ನಿಂತಳು. ಅವನ ಕಣ್ಣು ನಗುತ್ತಿತ್ತು, ನಗುವಿನ ಹಿಂದೆ ಏನೋ ಕಾಯುತ್ತಿತ್ತು. ಅದನ್ನು ನೋಡಿ ಅವಳಿಗೆ ಹೆದರಿಕೆಯಾಯಿತು.

"ಇದನ್ನ ಯಾವ ಭಾಷಣದಿಂದ ಎತ್ಕೊಂಡ್ರಿ?"

ನಗು ಆರಿತು. ಅವನು ಕುರ್ಚಿಯನ್ನು ಅವಳ ಕೈಯಿಂದ ತೆಗೆದು ಅದರ ಜಾಗದಲ್ಲಿಟ್ಟು, ಬರ್ತೀನಿ ಎಂದಷ್ಟೇ ಹೇಳಿ ಹೋದ.

ಅಂದು ಮನೆಯಲ್ಲಿ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿ ತೆರೆದಳು, ಮುಚ್ಚಿದಳು. ಅಪ್ಪ ದೇವರ ಮುಂದೆ ಕಣ್ಣು ಮುಚ್ಚಿ ಕೂತಿದ್ದರು. ಅಮ್ಮ ತೀರಿಕೊಂಡ ಮೇಲೆ ಅವರ ಪ್ರಾರ್ಥನೆ ಉದ್ದವಾಗಿತ್ತು, ಮಾತು ಚಿಕ್ಕದಾಗಿತ್ತು. ಅವಳೂ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿದಳು. ಬಸ್ಸನ್ನು ಬೇಡಿದಳು. ಇನ್ನೂ ಏನೋ ಬೇಡಲು ಹೊರಟು, ನಾಚಿ, ನಿಲ್ಲಿಸಿದಳು.

ಅಮ್ಮ ಹೋದ ದಿನಗಳಲ್ಲಿ ಮನೆಗೆ ಬಂದವರು ಎಂಥ ಒಳ್ಳೆಯ ಮಾತುಗಳನ್ನಾಡಿದ್ದರು. ಯಾವಾಗ ಬೇಕಾದರೂ ಕರೆಯಿರಿ ಎಂದವರು ಆಮೇಲೆ ಬೀದಿಯಲ್ಲಿ ಸಿಕ್ಕರೂ ಮುಖ ತಿರುಗಿಸಿ ನಡೆದಿದ್ದರು. ಅಂದಿನಿಂದ ಚೆಂದದ ಮಾತು ಕೇಳಿದರೆ ಅವಳ ಎದೆ ಮೊದಲು ಬಾಗಿಲು ಹಾಕಿಕೊಳ್ಳುತ್ತಿತ್ತು.

"ಅಪ್ಪಾ, ಅಮ್ಮ ನಿಮ್ಮ ಮಾತನ್ನ ಹೇಗೆ ನಂಬಿದ್ಲು?"

ಜೀವಮಾನವೆಲ್ಲ ಗಡಿಯಾರ ರಿಪೇರಿ ಮಾಡಿದ್ದ ಅಪ್ಪ ಕಣ್ಣು ತೆರೆಯದೆಯೇ ಹೇಳಿದರು: "ಎಲ್ಲಿ ನಂಬಿದ್ಲು? ಮೊದಲು ಮದುವೆ ಆದ್ಲು. ನಂಬೋಕೆ ಇನ್ನೂ ಬಹಳ ಕಾಲ ತಗೊಂಡ್ಲು."

"ಈಗ ಕಾಲ ಹಾಗಿಲ್ಲಪ್ಪ."

"ಕಾಲದ ವಿಷಯ ನನಗೆ ಹೇಳ್ಕೊಡ್ತೀಯಾ ಮಗಳೇ? ಬಿಚ್ಚಿ ಜೋಡಿಸಿದೋನು ನಾನು." ಆಮೇಲೆ ಕಣ್ಣು ತೆರೆದು ಅವಳನ್ನೊಮ್ಮೆ ನೋಡಿದರು. "ಯಾರಮ್ಮ ಅವನು?"

"ಯಾರೂ ಇಲ್ಲ," ಎಂದು ಅವಳು ಎದ್ದುಹೋದಳು.

ಕೊನೆಯ ಅಭ್ಯಾಸದ ದಿನ ಅವನು ಬರುವನೋ ಇಲ್ಲವೋ ಎಂದು ಅವಳು ಬಾಗಿಲಿಗೂ ಮೇಜಿಗೂ ನಡುವೆ ಅಲೆದಳು. ಬಂದ. ಅವಳ ಕಡೆ ನೋಡದೆ ಮೇಜಿನ ಹಿಂದೆ ಕೂತು, ಕನ್ನಡಕ ಇಳಿಸಿದ.

ಲಾಯರಮ್ಮ ಎದ್ದಳು. "ನಮ್ಮ ಸಂಜೆ ಬಸ್ ನಿಲ್ಸಿದೀರಿ. ಮತ್ತೆ ಬಿಡಿಸ್ತೀರಾ?"

"ಪರಿಶೀಲಿಸೋಣ," ಎಂದ ಅವನು ಮೇಡಂ ದನಿಯಲ್ಲಿ.

ಹುಡುಗಿ ಕಲಿತ ಹಾಗೆಯೇ ಮಾಡಿದಳು. ಸುಮ್ಮನೆ ಅವನ ಮುಖ ನೋಡುತ್ತ ನಿಂತಳು. ಉಳಿದವರೂ ನೋಡಿದರು. ಅವನ ದೃಷ್ಟಿ ಅವರನ್ನೆಲ್ಲ ದಾಟಿ ಗೋಡೆಯ ಪಕ್ಕ ನಿಂತಿದ್ದವಳ ಮೇಲೆ ಬಂತು. ಅವಳೂ ಅವನನ್ನೇ ನೋಡುತ್ತಿದ್ದಳು, ರೆಪ್ಪೆ ಬಡಿಯದೆ, ಏನನ್ನೋ ಬೇಡುವವಳ ಹಾಗೆ.

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಬಿಡಿಸ್ತೀನಿ. ಬಸ್ ಬರುತ್ತೆ," ಎಂದ ತನ್ನ ಸ್ವಂತ ದನಿಯಲ್ಲಿ.

ಹಾಲ್ ತುಂಬ ಚಪ್ಪಾಳೆ. ಅವಳೂ ತಟ್ಟಿದಳು. ಸದಸ್ಯೆಯ ಆಫೀಸಿನವನು ಕನ್ನಡಕ ತೆಗೆದು ಹೇಳುತ್ತಿದ್ದಾನೆಂದರೆ ಏನೋ ತಿಳಿದೇ ಹೇಳುತ್ತಿರಬೇಕು ಎಂದುಕೊಂಡಳು. ಎಲ್ಲವನ್ನೂ ಮರುಪ್ರಶ್ನಿಸಿ ಎಂದು ಮಕ್ಕಳಿಗೆ ಕಲಿಸಿದವಳು ಆ ಒಂದನ್ನು ಕೇಳಲಿಲ್ಲ. ಕೇಳಿದರೆ ಆ ಸಂತೋಷ ಹೊರಟುಹೋದೀತು ಎಂದು ಭಯಪಟ್ಟಳು.

ಸಂವಾದದ ದಿನ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಡಾವಣೆಯ ಹುಡುಗಿಯರು ಗುಂಪಾಗಿ ಬಂದಿದ್ದರು. ಸದಸ್ಯೆ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಕೂತರು. ಅವನು ಹಿಂದೆ ಗೋಡೆಗೆ ಒರಗಿ ನಿಂತಿದ್ದ. ಅವನ ಮುಖ ಬಿಳಿಚಿಕೊಂಡಿತ್ತು. ಅದನ್ನು ಕಂಡ ಕ್ಷಣವೇ, ಬಸ್ಸಿನ ಮಾತನ್ನು ಅವನು ಮೇಡಂಗೆ ಹೇಳೇ ಇಲ್ಲವೆಂದು ಅವಳಿಗೆ ಹೊಳೆಯಿತು.

ಲಾಯರಮ್ಮ ಎದ್ದು ನಿಂತು ಪ್ರಶ್ನೆ ಕೇಳಲಿಲ್ಲ. "ಥ್ಯಾಂಕ್ಸ್ ಮೇಡಂ. ಬಸ್ ಮತ್ತೆ ಬಿಡಿಸ್ತೀರಂತಲ್ಲ. ಅಂಗಡಿಯ ಸಂಜೆ ಪಾಳಿ ಬೇಡ ಅಂತ ಹೇಳಿಬಿಟ್ಟೆ. ಇವರೆಲ್ಲ ಮತ್ತೆ ಕಾಲೇಜಿಗೆ ಬರ್ತಾರಂತೆ."

ಸದಸ್ಯೆ ಗಾಳಿ ಬೀಸುವುದನ್ನು ನಿಲ್ಲಿಸಿದರು. "ಹಾಗಂತ ಯಾರಮ್ಮ ಹೇಳಿದ್ದು?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹುಡುಗಿಯ ಮುಖ ಬಾಡಿತು. ಅವಳು ತನಗೆ ಕಲಿಸಿದ ಅಕ್ಕನ ಕಡೆ ತಿರುಗಿ ನೋಡಿದ ನೋಟವನ್ನು ಆ ಅಕ್ಕ ತಡೆದುಕೊಳ್ಳಲಾರದೆ ಹೋದಳು.

ಈಗ ಅವನು ಒಂದು ಮಾತು ಹುಡುಕುತ್ತಾನೆ ಎಂದುಕೊಂಡಳು. ಅದು ಬರೀ ಅಭ್ಯಾಸವಾಗಿತ್ತು, ಹುಡುಗಿ ತಪ್ಪು ತಿಳಿದುಕೊಂಡಿದ್ದಾಳೆ ಎಂದರೆ ಮುಗಿಯಿತು. ಅದು ಸುಳ್ಳೂ ಅಲ್ಲ. ಕೆಲಸ ಉಳಿಯುತ್ತದೆ. ಆದರೆ ಈ ಹುಡುಗಿ ಇನ್ನು ಬದುಕಿನಲ್ಲಿ ಯಾರೆದುರೂ ಎದ್ದು ನಿಲ್ಲುವುದಿಲ್ಲ. ತಾನೂ ಇವನ ಮುಖ ನೋಡುವುದಿಲ್ಲ.

ಅವನು ಗೋಡೆ ಬಿಟ್ಟು ಮುಂದೆ ಬಂದ. ಮೈಕು ತೆಗೆದುಕೊಳ್ಳಲಿಲ್ಲ.

"ನಾನು ಹೇಳಿದೆ ಮೇಡಂ. ನಿಮ್ಮ ಪಾತ್ರದಲ್ಲಿ ಕೂತಿದ್ದೆ. ಆ ಮಾತು ಕೊಡೋ ಅಧಿಕಾರ ನನಗಿರಲಿಲ್ಲ. ಈ ಹುಡುಗಿ ನಂಬಿದ್ದು ತಪ್ಪಲ್ಲ, ನಾನು ಹೇಳಿದ್ದು ತಪ್ಪು."

"ಯಾಕಪ್ಪಾ ಹೇಳ್ದೆ?"

"ಒಬ್ಬರು... ಒಬ್ಬರಿಗೆ ಸಂತೋಷ ಆಗ್ಲಿ ಅಂತ."

ಸದಸ್ಯೆ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಹೊಸದರಲ್ಲಿ ನಾನೂ ಹೀಗೇ ಸಿಕ್ಕಸಿಕ್ಕವರಿಗೆ ಮಾತು ಕೊಡ್ತಿದ್ದೆ. ನನ್ನ ಬಾಯಿ ಕಾಯ್ಲಿ ಅಂತ ನಿನ್ನ ಇಟ್ಕೊಂಡೆ. ನಿನ್ನ ಬಾಯಿ ಕಾಯೋಕೆ ಇನ್ಯಾರನ್ನ ಇಡ್ಲಿ?"

ಹಾಲ್ ನಕ್ಕಿತು. ಆ ನಗುವಿನ ನಡುವೆ ಅವಳು ಲಾಯರಮ್ಮನ ಬೆನ್ನ ಮೇಲೆ ಕೈಯಿಟ್ಟಳು. "ಕೇಳು ಪುಟ್ಟಾ. ನಿಜವಾದವರು ಎದುರಿಗಿದಾರೆ. ಮೊದಲಿಂದ ಕೇಳು."

ಹುಡುಗಿ ಕಣ್ಣು ಒರೆಸಿಕೊಂಡು ಕೇಳಿದಳು. ಸುಮ್ಮನಾದಳು. ಕಾದಳು.

"ಬಿಡಿಸ್ತೀನಿ ಅಂತ ಹೇಳಲ್ಲ," ಎಂದರು ಸದಸ್ಯೆ. "ಬಸ್ ನಿಲ್ಸೋಕೆ ಸಾರಿಗೆ ಸಮಿತಿ ಸಭೆಯಲ್ಲಿ ನಾನೂ ಕೈ ಎತ್ತಿದೋಳು. ಕಾಲೇಜಿನ ವಿಷಯ ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಸಮಿತಿ ಮುಂದೆ ನೀನೇ ಬಂದು ಮಾತಾಡು. ನಾನು ಪಕ್ಕದಲ್ಲಿ ಕೂತಿರ್ತೀನಿ."

"ಯಾವತ್ತು?" ಎಂದಳು ಲಾಯರಮ್ಮ.

ಸದಸ್ಯೆಯ ಕತ್ತು ಅಭ್ಯಾಸಬಲದಿಂದ ಅವನತ್ತ ತಿರುಗಿತು. "ಸೋಮವಾರ," ಎಂದ ಅವನು.

"ಸೋಮವಾರದ ತನಕ ಇರು," ಎಂದರು ಅವನಿಗೆ, ಸಿಟ್ಟಿಲ್ಲದೆ. "ಆಮೇಲೆ ನನ್ನ ಹೆಸರಲ್ಲಿ ಮಾತಾಡೋ ಕೆಲಸ ನಿನಗೆ ಬೇಡಪ್ಪ."

ಬಸ್ಸಿಲ್ಲದ ದಾರಿಯಲ್ಲಿ ಹುಡುಗಿಯರನ್ನು ಮನೆಗೆ ಮುಟ್ಟಿಸಲು ಇಬ್ಬರೂ ನಡೆದರು. ಹೊತ್ತು ಮುಳುಗುತ್ತಿತ್ತು. ಲಾಯರಮ್ಮ ದಾರಿಯುದ್ದಕ್ಕೂ ಅವನನ್ನು ಬೈದಳು.

"ನಾಳೆ ನಾನೇ ಅಂಗಡಿಗೆ ಬಂದು ಮಾತಾಡ್ತೀನಿ," ಎಂದ ಅವನು.

"ದಯವಿಟ್ಟು ಬೇಡ ಸರ್. ಬಂದ್ರೆ ಅವರಿಗೂ ಒಂದು ಬಸ್ ಕೊಟ್ಟುಬಿಡ್ತೀರಿ." ಗೇಟು ತೆರೆದವಳು ನಿಂತು ಹೇಳಿದಳು: "ಆದ್ರೂ ಮುಂದೆ ಬಂದು ಹೇಳಿದ್ರಲ್ಲ. ಸೋಮವಾರ ನಾನು ಹೋಗ್ತೀನಿ." ಮತ್ತೆ ಇಬ್ಬರನ್ನೂ ಒಮ್ಮೆ ನೋಡಿ, ತುಟಿ ಕಚ್ಚಿ ನಗು ನುಂಗಿಕೊಂಡು ಒಳಗೆ ಓಡಿದಳು.

ಇಬ್ಬರೇ ಉಳಿದರು. ಹಿಂದಿರುಗುವ ದಾರಿ ಇನ್ನಷ್ಟು ಉದ್ದವಾಗಿ ಕಂಡಿತು. ಅವಳ ಕೈಬೆರಳುಗಳು ಸೆರಗಿನ ಅಂಚನ್ನು ಸುತ್ತುತ್ತ, ಬಿಡುತ್ತ ಇದ್ದವು.

"ಆ ಒಬ್ಬರು ಯಾರು?" ಎಂದಳು.

"ಗೊತ್ತಿದ್ದೂ ಕೇಳ್ತೀರಾ?"

"ಗೊತ್ತಿರೋದನ್ನೇ ಕೇಳೋಕೆ ಧೈರ್ಯ ಬೇಕು. ಹೇಳಿ."

ಅವನು ನಿಂತ. ಏನೋ ಹೇಳಹೊರಟು ತಡೆದುಕೊಂಡ. ಇನ್ನೊಂದನ್ನು ಹುಡುಕಿ ಅದನ್ನೂ ಬಿಟ್ಟ. ಸಾವಿರ ಜನ ಕೇಳುವ ಮಾತು ಹೊಂದಿಸಿಕೊಟ್ಟವನಿಗೆ ದೇವರು ಆ ಗಳಿಗೆಯಲ್ಲಿ ಒಂದು ವಾಕ್ಯವನ್ನೂ ಕೊಡಲಿಲ್ಲ.

"ಚೆನ್ನಾಗಿ ಹೇಳಿದ್ರೆ ನೀವು ನಂಬಲ್ಲ," ಎಂದ ಕೊನೆಗೆ. "ಹೇಳದೇ ಇದ್ರೆ ಹೊರಟುಹೋಗ್ತೀರಿ. ನನಗೆ... ನನಗೆ ನೀವು ಬೇಕು. ಸೋಮವಾರ ಕಳೆದ್ರೆ ಕೆಲಸ ಇಲ್ಲ. ಮುಂದೇನು ಅಂತ ಗೊತ್ತಿಲ್ಲ. ನಿದ್ದೆ ಬರ್ತಿಲ್ಲ. ಇಷ್ಟೇ ಇರೋದು ನನ್ನ ಹತ್ರ."

ಅವಳ ಕಣ್ಣು ತುಂಬಿತು. ಬಾಗಿಲು ಹಾಕಿಕೊಂಡಿದ್ದ ಎದೆ ಎಷ್ಟೋ ದಿನಗಳ ಮೇಲೆ ಹಗುರವಾಯಿತು. ಅಮ್ಮ ಇದ್ದಿದ್ದರೆ ಇವತ್ತು ಹೇಳಿಕೊಳ್ಳಲು ಓಡಿ ಹೋಗುತ್ತಿದ್ದೆ ಎಂದುಕೊಂಡಳು.

"ನಾಳೆ ಬೆಳಗ್ಗೆ ಮನೆಗೆ ಬನ್ನಿ. ಅಪ್ಪ ಇರ್ತಾರೆ."

"ಅವರ ಹತ್ರ ಏನು ಹೇಳ್ಲಿ?"

"ಇದನ್ನೇ ಹೇಳಿ," ಎಂದಳು, ಅವನ ತೋಳು ಹಿಡಿದು ಮುಂದಕ್ಕೆಳೆಯುತ್ತ. "ಹೀಗೇ, ತೊದಲ್ತಾ. ಒಂದಕ್ಷರ ತಿದ್ದಬೇಡಿ."