ರದ್ದಾದ ಹನ್ನೊಂದು ಹೆಸರು

ಜೂನ್ 30, ಸೋಮವಾರ, ಬೆಳಿಗ್ಗೆ 10.20. ಬಾಗಲಕೋಟೆಯ ಸೈಬರ್ ಅಪರಾಧ ಠಾಣೆಗೆ ಒಂದು ತಗಡಿನ ಟ್ರಂಕು ಬಂತು. ಹೊತ್ತು ತಂದವನು ಮರೋಳದ ಕುರಿಗಾರ ಬೀರಲಿಂಗ. ಹಿಂದೆ ಮಗಳು ರಾಜಶ್ರೀ, ನರ್ಸಿಂಗ್ ಮೊದಲ ವರ್ಷದವಳು.

"ಏನ್ ಕಳವಾಗೇತ್ರಿ?" ಇನ್‌ಸ್ಪೆಕ್ಟರ್ ಸುಧಾರಾಣಿ ಕೇಳಿದರು.

"ಖೋಲಿರೀ," ಅಂದ ಬೀರಲಿಂಗ.

ಬಾಗಲಕೋಟೆ ನವನಗರದ ಶರಣೆ ವಿದ್ಯಾರ್ಥಿನಿ ನಿಲಯವನ್ನು ನಡೆಸುವ ಟ್ರಸ್ಟು ಈ ವರ್ಷದಿಂದ ಕೊಠಡಿ ಹಂಚಿಕೆ, ಶುಲ್ಕ ಎರಡನ್ನೂ ಆನ್‌ಲೈನ್ ಮಾಡಿತ್ತು. ರಾಜಶ್ರೀಗೆ ಜಾಗ ಸಿಕ್ಕಿ, ರಸೀದಿಯೂ ಬಂದಿತ್ತು. 23ನೇ ತಾರೀಖು ಟ್ರಂಕು ಹೊತ್ತು ಹೋದರೆ ಪಟ್ಟಿಯಲ್ಲಿ ಹೆಸರೇ ಇಲ್ಲ. 'ನೀವೇ ರದ್ದು ಮಾಡೀರಿ' ಅಂದು ಕಳಿಸಿದ್ದರು. ಒಂದು ವಾರದಿಂದ ಹುಡುಗಿಯ ತರಗತಿ ತಪ್ಪಿತ್ತು.

"ಗುರ್ತಿಲ್ಲದ ಮನ್ಯಾಗ ಮಗಳನ್ನ ಬಿಡಾಕ ಆಗೂದಿಲ್ರಿ. ಇವತ್ತ ಏನರ ಆಗಲಿಲ್ಲಂದ್ರ ಊರಿಗೆ ಕರಕೊಂಡ ಹೋಗ್ತೇನಿ."

ರಾಜಶ್ರೀ ಟ್ರಂಕಿನ ಕೀಲಿಯನ್ನೇ ನೋಡುತ್ತ ಕೂತಿದ್ದಳು. ಸುಧಾರಾಣಿ ಎಫ್‌ಐಆರ್ ದಾಖಲಿಸಿಕೊಂಡರು. ತನಿಖೆ ಮುಗಿಯುವ ತನಕ ಹುಡುಗಿಯನ್ನು ನಿಲಯದ ರೋಗಿಗಳ ಕೋಣೆಯಲ್ಲಾದರೂ ಇರಿಸಿಕೊಳ್ಳಿ ಎಂದು ಟ್ರಸ್ಟಿಗೆ ಪತ್ರ ಬರೆದರು. ಟ್ರಸ್ಟು ಒಪ್ಪಿತು. ಬೀರಲಿಂಗ ಬಾಗಲಕೋಟೆಯಲ್ಲೇ ನಾಲ್ಕು ದಿನ ಕಾಯುತ್ತೇನೆಂದ.

ಮಧ್ಯಾಹ್ನ ಮೂರಕ್ಕೆ ಸುಧಾರಾಣಿ ಮತ್ತು ಹೆಡ್ ಕಾನ್‌ಸ್ಟೇಬಲ್ ಮುತ್ತಪ್ಪ ಹುನಗುಂದದಲ್ಲಿದ್ದರು. ರಾಜಶ್ರೀಯ ಅರ್ಜಿ ತುಂಬಿದ್ದು ಅಲ್ಲಿ ಆನ್‌ಲೈನ್ ಸೆಂಟರ್ ಇಟ್ಟಿದ್ದ ಫಾರೂಕ. ಅರ್ಜಿಯಲ್ಲಿದ್ದ ಮೊಬೈಲ್ ನಂಬರೂ ಅವನದೇ.

"ನಿನ್ನ ನಂಬರ್ ಯಾಕ ಕೊಟ್ಟಿ?"

"ಮರೋಳದಾಗ ಅವ್ರಿಗೆ ನೆಟ್‌ವರ್ಕ್ ಸಿಗೂದಿಲ್ರಿ. ಓಟಿಪಿ ಬರೂದ್ರಾಗ ಟೈಮ್ ಮುಗೀತಿತ್ತು."

"ರದ್ದಾತು ಅಂತ ಮೆಸೇಜ್ ಬಂದಿತ್ತಲ್ಲ?"

ಫಾರೂಕ ಫೋನು ತಿರುವಿ ತಿರುವಿ ನೋಡಿದ. ಮೆಸೇಜು ಇತ್ತು, ತೆರೆದೇ ಇರಲಿಲ್ಲ. "ದಿನಾ ನೂರು ಬರ್ತಾವ್ರಿ ಮೇಡಮ್."

"ರೊಕ್ಕ ಇವನ ಕಡೆ ಬಂದಿರ್ತೈತ್ರಿ," ಎಂದು ಮುತ್ತಪ್ಪ ಜೀಪಿನಲ್ಲಿ ಪಣ ಕಟ್ಟಿದವನಂತೆ ಹೇಳಿದ. ಮರುದಿನ ಬ್ಯಾಂಕಿನ ಉತ್ತರ ಅವನ ಬಾಯಿ ಮುಚ್ಚಿಸಿತು. ಕಟ್ಟಿದ ಹಣ ಬಿಡಿಗಾಸೂ ಕಡಿಮೆಯಾಗದೆ ಬೀರಲಿಂಗನಿಗೆ ಗೊತ್ತಾಗದೆಯೇ ಅವನ ಖಾತೆಗೇ ಮರಳಿತ್ತು.

ಟ್ರಸ್ಟಿನಿಂದ ಬಂದ ಕಂಪ್ಯೂಟರ್ ದಾಖಲೆ ಇನ್ನೂ ವಿಚಿತ್ರವಾಗಿತ್ತು. ಜೂನ್ 18ರ ಮಧ್ಯಾಹ್ನ 2.05ರಿಂದ 2.40ರೊಳಗೆ ಒಬ್ಬಳಲ್ಲ, ಹನ್ನೊಂದು ಹುಡುಗಿಯರ ಹೆಸರು ರದ್ದಾಗಿದ್ದವು. ಎಲ್ಲರಿಗೂ ಹಣ ವಾಪಸಾಗಿತ್ತು. ರದ್ದು ಮಾಡಿದ್ದು ನಿಲಯದ ಕಚೇರಿಯ ಕಂಪ್ಯೂಟರಿನಿಂದ, ಆಪರೇಟರ್ ಚೇತನಕುಮಾರನ ಪಾಸ್‌ವರ್ಡಿನಲ್ಲಿ.

ಲಾಭವಿಲ್ಲದ ಕಳ್ಳತನ ಸುಧಾರಾಣಿಗೆ ಸೇರಲಿಲ್ಲ. ಯಾರಿಗೋ ಏನೋ ಸಿಕ್ಕಿರಲೇಬೇಕು.

"ಹದಿನೆಂಟಕ್ಕ ಎಲ್ಲಿದ್ದಿ?"

"ಜ್ವರಾ ಬಂದಿತ್ರಿ. ಮನ್ಯಾಗ ಮಲಗಿದ್ದೆ," ಅಂದ ಚೇತನಕುಮಾರ. ಹಣೆಯ ಬೆವರು ಒರೆಸಿಕೊಂಡ.

"ಯಾವ ದವಾಖಾನಿಗೆ ಹೋಗಿದ್ದಿ?"

ಚೇತನಕುಮಾರ ನಿಜ ಬಿಚ್ಚಿಟ್ಟ. ಅಕ್ಕನ ಮದುವೆಯ ಸೀರೆ ಕೊಳ್ಳಲು ಇಳಕಲ್ಲಿಗೆ ಹೋಗಿದ್ದ. ರಜೆ ಸಿಗದೆ ಸುಳ್ಳು ಹೇಳಿದ್ದ.

ಜುಲೈ 2ರಂದು ಮುತ್ತಪ್ಪ ಇಳಕಲ್ಲಿನ ಸೀರೆ ಅಂಗಡಿಯ ಕ್ಯಾಮೆರಾ ದೃಶ್ಯ ತಂದ. 18ರ ಮಧ್ಯಾಹ್ನ 2.15ಕ್ಕೆ ಚೇತನಕುಮಾರ ಗಾದಿಯ ಮೇಲೆ ಕೂತು ಸೆರಗು ಹಿಡಿದು ನೋಡುತ್ತಿದ್ದ.

"ನಿನ್ನ ಪಾಸ್‌ವರ್ಡ್ ಮತ್ಯಾರಿಗೆ ಗೊತ್ತೈತಿ?"

"ಹೇಳಿದ್ರ ನೌಕರಿ ಹೋಗ್ತೈತ್ರಿ."

"ಹೇಳದಿದ್ರ ಜೈಲ್‌ಗೆ ಹೋಗ್ತಿ."

"ನಮ್ ಅಕ್ಕಾರಿಗೆ ಬರದ ಕೊಟ್ಟಿದ್ದೆ."

ಅಕ್ಕಾರು ಎಂದರೆ ನಿಲಯದ ಮೇಲ್ವಿಚಾರಕಿ ಗುರುಲಿಂಗವ್ವ. ಇಪ್ಪತ್ತಾರು ವರ್ಷದ ಸೇವೆ, ಒಂದು ಕಪ್ಪು ಚುಕ್ಕೆಯಿಲ್ಲ.

ರಾತ್ರಿ ಸುಧಾರಾಣಿ ರದ್ದಾದವರ ಮತ್ತು ಅವರ ಜಾಗಕ್ಕೆ ಬಂದವರ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟುಕೊಂಡರು. ರದ್ದಾದ ಹನ್ನೊಂದೂ ವಿಳಾಸಗಳು ಬಾಗಲಕೋಟೆ ಊರಿನವು. ಬಂದವರೆಲ್ಲ ಬಾದಾಮಿ, ಹುನಗುಂದ ಕಡೆಯ ಹಳ್ಳಿಯವರು. ಹಾಗಾದರೆ ಮರೋಳದ ರಾಜಶ್ರೀ? ಫೋನು ಹಚ್ಚಿದಾಗ ಬೀರಲಿಂಗ ಹೇಳಿದ: ಮಗಳು ಹೈಸ್ಕೂಲು ಓದುವಾಗ ನವನಗರದ ಸೋದರತ್ತೆಯ ಮನೆಯಲ್ಲಿದ್ದಳು, ಆಧಾರ್ ವಿಳಾಸ ಅಲ್ಲಿಯದೇ. ಅತ್ತೆಯವರು ಆ ಮನೆ ಬಿಟ್ಟು ಎರಡು ವರ್ಷವಾಯಿತು.

ಜುಲೈ 3, ಮಧ್ಯಾಹ್ನ 3.10. ಇಬ್ಬರು ಪಂಚರ ಸಮಕ್ಷಮ ನಿಲಯದ ಕಚೇರಿಯಲ್ಲಿ ಪಂಚನಾಮೆ ನಡೆಯಿತು. ಗುರುಲಿಂಗವ್ವನ ಮೇಜಿನಲ್ಲಿ ಪಾಸ್‌ವರ್ಡಿನ ಚೀಟಿ, ಒಂದು ರಟ್ಟಿನ ರಿಜಿಸ್ಟರು. ಅದರಲ್ಲಿ ದುಂಡಗಿನ ಅಕ್ಷರದಲ್ಲಿ ಹುಡುಗಿಯರ ಹೆಸರು, ಊರು, ಊರಿಗೆ ಕೊನೆಯ ಬಸ್ಸು ಎಷ್ಟಕ್ಕೆ ಎಂಬ ವಿವರ.

"ಇದು ನಿಮ್ಮ ಅಕ್ಷರಾನರಿ ಅಕ್ಕಾರ?"

"ಹೂಂರಿ."

"ಹದಿನೆಂಟನೇ ತಾರೀಖ ಕಂಪ್ಯೂಟರ್ ಮುಂದ ಕೂತವರು ನೀವ?"

"ನಾನರಿ." ಒಂದು ಕ್ಷಣವೂ ತಡವರಿಸಲಿಲ್ಲ. ಈ ಪ್ರಶ್ನೆಗೇ ಕಾದು ಕೂತವರಂತಿದ್ದರು.

"ಚೇತನನ ಗತಿ ಏನಾಗ್ತೈತಿ ಅಂತ ವಿಚಾರ ಮಾಡಲಿಲ್ಲ?"

ಈಗ ಅವರ ತಲೆ ತಗ್ಗಿತು. "ವಯಸ್ಸಿನ ಹುಡುಗ, ಎಲ್ಲೆರ ಬ್ಯಾರೆ ನೌಕರಿ ಸಿಗ್ತೈತಿ ಅಂದ್ಕೊಂಡೆ. ತಪ್ಪಾತ್ರಿ."

ಸಂಜೆ 4.40ಕ್ಕೆ, ಹೊತ್ತು ಮುಳುಗುವ ಮೊದಲೇ, ಮಹಿಳಾ ಕಾನ್‌ಸ್ಟೇಬಲ್ ಜುಲೇಖಾ ಗುರುಲಿಂಗವ್ವನವರನ್ನು ದಸ್ತಗಿರಿ ಮಾಡಿದಳು. ಇನ್ನೊಬ್ಬರ ಗುರುತು ಬಳಸಿ ವಂಚಿಸಿದ ಆರೋಪ, ಜಾಮೀನು ಸಿಗುವಂಥದ್ದು. ರಾಜಶ್ರೀಗೆ ಹಾಸಿಗೆ ಕೊಡುವುದಾಗಿ ಟ್ರಸ್ಟು ಆಗಲೇ ಬರೆದುಕೊಟ್ಟಿತ್ತು.

ಠಾಣೆಯಲ್ಲಿ ಹೇಳಿಕೆ ಬರೆಸುವಾಗ ಗುರುಲಿಂಗವ್ವ ನೀರು ಕೇಳಿ ಕುಡಿದರು. ಆನ್‌ಲೈನ್ ತೆರೆದ ದಿನ ಹನ್ನೆರಡು ನಿಮಿಷಕ್ಕೆ ಅರವತ್ತೂ ಹಾಸಿಗೆ ತುಂಬಿದ್ದವು; ಮನೆಯಿಂದಲೇ ಓಡಾಡಬಲ್ಲ ಬಾಗಲಕೋಟೆಯ ಹುಡುಗಿಯರೂ ಅದರಲ್ಲಿದ್ದರು. ಅದೇ ಸಂಜೆ ಪಟ್ಟದಕಲ್ಲಿನ ಆಚೆಯ ಹಳ್ಳಿಯಿಂದ ಒಬ್ಬ ತಾಯಿ ಮಗಳೊಡನೆ ಬಂದು ಗೇಟಿನಲ್ಲಿ ಎರಡು ತಾಸು ನಿಂತಿದ್ದಳು. ಜಾಗವಿಲ್ಲ ಎಂದು ಕಂಪ್ಯೂಟರ್ ತೋರಿಸುತ್ತಿದ್ದುದನ್ನು ಅವಳಿಗೆ ಹೇಳಬೇಕಾದವರು ಇವರೇ.

"ಆ ಮರೋಳದ ಹುಡುಗಿಗೆ ಮೂರ ದಿನದಿಂದ ನಾನ ಊಟಾ ಬಡಸೇನ್ರಿ," ಅಂದರು. "ಯಾವ ಊರವಾ ಅಂತ ಕೇಳಿದ ಮ್ಯಾಲ ನನಗ ತುತ್ತ ಇಳೀಲಿಲ್ಲ. ಇಪ್ಪತ್ತಾರು ವರ್ಷ ಮುಖಾ ನೋಡಿ ಖೋಲಿ ಕೊಟ್ಟಾಕಿ ನಾ. ಇದೊಂದ ಸಲ ಬರೇ ವಿಳಾಸ ನೋಡಿದೆ."

ಸುಧಾರಾಣಿ ಆ ಮಾತನ್ನು ಒಂದಕ್ಷರ ತಿದ್ದದೆ ಬರೆಸಿ, ಕೆಳಗೆ ಸಹಿ ಹಾಕಿಸಿಕೊಂಡರು.