ಎರಡೇ ಸಲ ಕರೆದ ದನಿ

"ಪವಿತ್ರಾ..."

ದಟ್ಟ ಹೊಗೆಯೊಳಗಿಂದ ಬಂದ ಆ ದನಿಗೆ ಅವಳು ಬೆಚ್ಚಿ ತಿರುಗಿದಳು!

ಬೆಳಗಾಗಿ ಬಹಳ ಹೊತ್ತಾಗಿದ್ದರೂ ಹೊಸೂರಿನ ಅಂಚಿನ ಆ ಗುಡ್ಡದ ಮೇಲೆ ಸೂರ್ಯನ ಸುಳಿವಿರಲಿಲ್ಲ. ಕೆಳಗೆ ಊರೂ ಕಾಣುತ್ತಿರಲಿಲ್ಲ. ಲಾರಿಗಳ ಹಾರ್ನ್ ಮಾತ್ರ ಎಲ್ಲಿಂದಲೋ ಮೇಲೇರಿ ಬರುತ್ತಿತ್ತು. ಸುಟ್ಟ ರಬ್ಬರಿನ ವಾಸನೆ. ಒಂದು ಕಾಗೆಯೂ ಕೂಗುತ್ತಿರಲಿಲ್ಲ.

ಪವಿತ್ರ ಇಲ್ಲಿ ಪ್ರವಾಸಿಗರಿಗೆ ಊರು ತೋರಿಸುವವಳು. ಸೂರ್ಯೋದಯ ನೋಡಲು ಬೆಂಗಳೂರಿನಿಂದ ಬಂದವರಿಗೆ ಕೆರೆ, ಹಳೇ ಪೇಟೆ, ಮೂಕಂಡಪಲ್ಲಿಯ ಕಾರ್ಖಾನೆ ಚಿಮಣಿ ಎಲ್ಲವನ್ನೂ ಬೆರಳು ಮಾಡಿ ತೋರಿಸುತ್ತಿದ್ದಳು. ಈ ಚಳಿಗಾಲ ಕಾರ್ಖಾನೆಗಳ ಹೊಗೆ ಕವಿದ ಮೇಲೆ ನರಪಿಳ್ಳೆಯೂ ಬರುತ್ತಿಲ್ಲ. ಹಟಕ್ಕೆ ಹೆಸರಾದ ಹುಡುಗಿ ನೋಡಿ! ಆದರೂ ದಿನಾ ಬಂದು ಕಂಬಿ ಹಿಡಿದು ನಿಲ್ಲುತ್ತಾಳೆ. ಯಾರೂ ಇಲ್ಲದ ಕಡೆ ತಿರುಗಿ, "ಬಲಗಡೆ ನೋಡಿ ಸಾರ್, ಅದೇ ಕೆರೆ..." ಎನ್ನುತ್ತಾಳೆ.

ಇವತ್ತೂ ಹಾಗೆ ಹೇಳುತ್ತಿದ್ದಾಗಲೇ ಆ ಕರೆ.

ಅದು ಕುಮಾರೇಶನ ದನಿ! ಆದರೆ ಅವನು ಹೇಗೆ ಬಂದಾನು?

ಪ್ರವಾಸಿಗರನ್ನು ವ್ಯಾನಿನಲ್ಲಿ ಕರೆತರುತ್ತಿದ್ದವನು ಅವನೇ. ಇಬ್ಬರೂ ಕಣ್ಣಲ್ಲೇ ಮಾತಾಡಿಕೊಂಡು ವರ್ಷ ಕಳೆದಿದ್ದರು. ದೀಪಾವಳಿಯ ಮಾರನೇ ದಿನ ಅವನು ಗುಡ್ಡದ ಬುಡದಲ್ಲೇ ವ್ಯಾನ್ ತಿರುಗಿಸಿ, "ಮೇಲೆ ಹೋಗ್ಬೇಡಿ, ಉಸ್ರು ಕಟ್ತದೆ" ಎಂದು ಎಲ್ಲರನ್ನೂ ಅಂಚೆಟ್ಟಿ ಕಾಡಿನ ಕಡೆ ಕರೆದೊಯ್ದಿದ್ದ.

"ನನ್ ಅನ್ನಕ್ಕೆ ಕಲ್ಲು ಹಾಕ್ಬುಟ್ಟೆ! ಇನ್ನ ಈ ಗುಡ್ಡ ಹತ್ಬೇಡ ನೀನು!" ಎಂದು ಅವಳು ಕಿರುಚಿದ್ದಳು. ಆಮೇಲೆ ಅವನು ಇತ್ತ ತಲೆ ಹಾಕಿರಲಿಲ್ಲ.

"ಪವಿತ್ರಾ..."

ಎರಡನೇ ಸಲ! ಇನ್ನೂ ಹತ್ತಿರದಿಂದ...

ಬಾಯಿಗೆ ಬಂದ ಉತ್ತರವನ್ನು ಅವಳು ನುಂಗಿಕೊಂಡಳು. ರಾಯಕೋಟೆಯಲ್ಲಿ ಬೆಳೆದವಳು. ಮುಖ ಕಾಣದ ಕಡೆಯಿಂದ ಹೆಸರು ಕರೆದರೆ ಮೂರನೇ ಕರೆಯವರೆಗೂ ಓಗೊಡಬಾರದು, ದೆವ್ವಕ್ಕೆ ಮೂರನೇ ಸಲ ಕರೆಯಲಾಗದು ಎಂದು ಅಜ್ಜಿ ಲಕ್ಷ್ಮಿದೇವಮ್ಮ ತಲೆ ಬಾಚುತ್ತಲೇ ಕಲಿಸಿದ್ದಳು. "ಓಗೊಟ್ರೆ ಉಸ್ರು ಕಿತ್ಕೊಂಡು ಹೋಯ್ತದೆ ಕಣಮ್ಮ!"

ಪವಿತ್ರ ಕಾದಳು. ಮೂರನೇ ಕರೆ ಬರಲೇ ಇಲ್ಲ.

ಹೊಗೆಯಲ್ಲಿ ಆಳೆತ್ತರದ ನೆರಳೊಂದು ಕಂಡಿತು. ನೋಡುತ್ತಿದ್ದಂತೆ ಕುಗ್ಗಿ, ನೆಲಕ್ಕಿಳಿದು, ಮಾಯವಾಯಿತು. ಕಲ್ಲಿನ ಮೇಲೆ ಏನೋ ಪರಪರ ಕೆರೆದ ಸದ್ದು.

'ಅವನಿಗೂ ಈ ಪದ್ಧತಿ ಗೊತ್ತು. ಅವನೇ ಆಗಿದ್ದರೆ ಮೂರು ಸಲ ಕರೆಯುತ್ತಿದ್ದ. ಇದು ಅವನಲ್ಲ...' ಅವಳು ಒಂದು ಹೆಜ್ಜೆ ಹಿಂದೆ ಸರಿದಳು. 'ಅಥವಾ... ಅವನಿಗೆ ಕರೆಯಲಾಗುತ್ತಿಲ್ಲವೋ?'

ಉಸಿರು ಹೋದರೆ ಹೋಗಲಿ!

"ಬಂದೇ... ಎಲ್ಲಿದೀಯೋ?" ಎನ್ನುತ್ತಾ ಹೊಗೆಯೊಳಕ್ಕೆ ನುಗ್ಗಿದಳು.

ತಣ್ಣನೆಯ ಕೈಯೊಂದು ಅವಳ ಪಾದ ಹಿಡಿಯಿತು!

ಚೀರಿ ಬಗ್ಗಿ ನೋಡಿದರೆ ಕುಮಾರೇಶ. ಮೆಟ್ಟಿಲ ಮೇಲೆ ಮುದುಡಿ ಬಿದ್ದಿದ್ದ. ತುಟಿ ನೀಲಿಯಾಗಿತ್ತು. ಕೈಜಾರಿದ್ದ ಉಬ್ಬಸದ ಪಂಪನ್ನು ತಡಕಾಡಿ ಹುಡುಕಿ ಅವಳು ಅವನ ಬಾಯಿಗಿಟ್ಟು ಒತ್ತಿದಳು. ಕಡೆಗೂ ಉಸಿರು ತಿರುಗಿತು.

"ಯಾವಾಗಿಂದ ಇದು?"

"ಹೋದ್ ವರ್ಷದಿಂದ... ಆವತ್ತು ವ್ಯಾನಲ್ಲಿದ್ದ ಒಬ್ಬಜ್ಜಿಗೂ ನನ್ನಂಗೇ ಉಸ್ರು ಎಳೀತಿತ್ತು. ಅದ್ಕೇ ತಿರುಗಿಸ್ಬುಟ್ಟೆ."

"ಬಾಯ್ಬಿಟ್ಟು ಹೇಳಕ್ಕೇನಾಗಿತ್ತು ನಿಂಗೆ?"

"ಕಾಯ್ಲೆ ಇರೋನ್ನ ಯಾರು ಕಟ್ಕೊಂತಾರೆ ಅಂತ..."

ಅವಳ ಕಣ್ಣು ತುಂಬಿ ಬಂತು. ಅನ್ನ ಕಿತ್ತುಕೊಂಡ ಎಂದು ಇವನನ್ನೇ ಶಪಿಸಿದೆನಲ್ಲಾ!

"ಮತ್ತೆ ಇಲ್ಲಿಗ್ಯಾಕೆ ಬಂದೆ? ಸಾಯಕ್ಕಾ?"

"ಒಬ್ಳೇ ನಿಂತ್ಕೊಂಡು ಹೊಗೆ ಜೊತೆ ಮಾತಾಡ್ತಾಳೆ ಅಂದ್ಲು ಟೀ ಅಂಗಡಿ ಇಂದ್ರಮ್ಮ. ತಡಿಯಕ್ಕಾಗ್ಲಿಲ್ಲ ಕಣೇ."

ಅವಳು ಅವನ ತೋಳನ್ನು ಹೆಗಲ ಮೇಲೆ ಹಾಕಿಕೊಂಡು ನಿಧಾನವಾಗಿ ಇಳಿಸತೊಡಗಿದಳು.

"ಅಂಚೆಟ್ಟಿಗೆ ಜನ ಬತ್ತಾವ್ರೆ ಪವಿತ್ರಾ. ಕಾಡು ತೋರ್ಸಕ್ಕೆ ನೀನೂ ಬಂದ್ಬುಡು."

"ಕೆಲ್ಸಕ್ಕೆ ಕರೀತಿದೀಯಾ?"

"ಇಲ್ಲ... ಮನೆಗೆ."

ಅವಳು ಹೊಗೆ ತಾಗದಂತೆ ಸೆರಗಿನಿಂದ ಅವನ ಮೂಗು, ಬಾಯಿ ಮುಚ್ಚಿ ಹಿಡಿದಳು.

"ಬತ್ತೀನಿ ಕಣೋ. ಮೊದ್ಲು ಉಸ್ರಾಡು."